ಓಪಿಎಸ್ (ಹಳೇ ಪೆನ್ಷನ್) ವಿಚಾರಕ್ಕೆ ಎಂಎಲ್‌ಎ ಹತ್ರ ಹೋಗೋರು ಹಿಂಗೆ ಹೋಗಿ: ಮಧುಗಿರಿ ಮೇಷ್ಟ್ರ ಅನುಭವ

ನಾನು 2008ರಲ್ಲಿ ಕೆಲ್ಸಕ್ಕೆ ಸೇರ್ದೋನು, ಮಧುಗಿರಿ ತಾಲ್ಲೂಕಲ್ಲಿ ಹೈಸ್ಕೂಲ್ ಮೇಷ್ಟ್ರು. 1-4-2006 ದಾಟಿದ ಮೇಲೆ ಸೇರಿದ್ದಕ್ಕೆ ನಂಗೆ ಎನ್‌ಪಿಎಸ್ (ತಿಂಗಳು ತಿಂಗಳು ಕಟ್ಟಿದ ದುಡ್ಡು ಮಾರುಕಟ್ಟೇಲಿ ಬೆಳೆದಷ್ಟಕ್ಕೆ ಪೆನ್ಷನ್ ಸಿಗೋ ಹೊಸ ಪದ್ಧತಿ), ನನಗಿಂತ ಮೂರು ವರ್ಷ ಮುಂಚೆ ಸೇರಿದ ನಮ್ಮ ಗಣಿತದ ಮೇಡಂಗೆ ಹಳೇ ಪೆನ್ಷನ್. ಒಂದೇ ಸ್ಟಾಫ್ ರೂಮು, ಒಂದೇ ಹಾಜರಿ ಪುಸ್ತಕ, ರಿಟೈರ್ ಆದ್ಮೇಲೆ ಮಾತ್ರ ಇಬ್ರ ಬದುಕೇ ಬೇರೆ. ನಮಗೂ ಹಳೇ ಪೆನ್ಷನ್ ಕೊಡಿಸಿ ಅಂತ ಶಾಸಕರಿಗೆ ಹೇಳೋಕೆ ಸಂಘದಿಂದ ಸುಮಾರು ಸಲ ಹೋಗಿದೀವಿ, ಮೊದಲನೇ ಸಲ ಪೂರ್ತಿ ವೇಸ್ಟ್ ಆಯ್ತು, ಆಮೇಲೆ ಕಲಿತಿದ್ದನ್ನ ಬರೀತಿದೀನಿ, ಬೇರೆ ತಾಲ್ಲೂಕಿನೋರಿಗೆ ಅನುಕೂಲ ಆಗ್ಲಿ ಅಂತ.

ಮೊದಲನೇ ಸಲ ಏನ್ಮಾಡಿದ್ವಿ ಅಂದ್ರೆ ಎಪ್ಪತ್ತು ಜನ ಹೋದ್ವಿ, ಹಾರ, ಶಾಲು, ಮೈಸೂರು ಪೇಟ, ನಾಲ್ಕು ಪೇಜ್ ಮನವಿ, ಫೋಟೋ. ಎಲ್ಲಾ ಸೇರಿ ಹತ್ತು ನಿಮಿಷ. "ಖಂಡಿತಾ ಸಿಎಂ ಗಮನಕ್ಕೆ ತರ್ತೀನಿ ಮೇಷ್ಟ್ರೇ" ಅಂದ್ರು, ನಾವು ಖುಷಿಯಾಗಿ ಬಂದ್ವಿ. ಮೂರು ತಿಂಗಳು ಬಿಟ್ಟು ಫೋನ್ ಮಾಡಿದ್ರೆ ಪಿಎ "ಯಾವ ಮನವಿ ಸಾರ್?" ಅಂತ ಕೇಳಿದ್ರು. ತಪ್ಪು ನಮ್ದೂ ಇತ್ತು, ಆ ನಾಲ್ಕು ಪೇಜಲ್ಲಿ ಅವ್ರು ಏನ್ ಮಾಡ್ಬೇಕು ಅಂತ ಒಂದು ಲೈನೂ ಇರ್ಲಿಲ್ಲ.

ಅದಕ್ಕೆ ಮೊದ್ಲು ಕಾಗದ ಸರಿ ಮಾಡ್ಕೊಳ್ಳಿ. ಸಂಘದ ಲೆಟರ್‌ಹೆಡ್ಡಲ್ಲೇ ಇರ್ಬೇಕು, ಸಂಘದ ನಿರ್ಣಯದ ಕಾಪಿ ಜೊತೆಗಿರ್ಬೇಕು, ಪದಾಧಿಕಾರಿಗಳೇ ಸೈನ್ ಹಾಕ್ಬೇಕು. ನಮ್ಮ ನಡತೆ ನಿಯಮದ ಪ್ರಕಾರ ಒಬ್ಬ ನೌಕರ ತನ್ನ ಸ್ವಂತ ಸೇವಾ ವಿಚಾರಕ್ಕೆ ರಾಜಕೀಯ ಪ್ರಭಾವ ತರಂಗಿಲ್ಲ, ಆದ್ರಿಂದ ಒಬ್ಬೊಬ್ರೇ ಹೋಗ್ಬೇಡಿ. ಭಾನುವಾರ ಹೋಗಿ, ಇಲ್ಲಾಂದ್ರೆ ಸಿಎಲ್ (ಸಾಂದರ್ಭಿಕ ರಜೆ) ಹಾಕಿ ಹೋಗಿ. ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ, ತಂಡದಲ್ಲಿ ಹೋಗೋ ಯಾರೂ ಜೇಬಲ್ಲಿ ವರ್ಗಾವಣೆ ಲೆಟರ್ ಇಟ್ಕೊಂಡು ಹೋಗ್ಬಾರ್ದು. ಎರಡನೇ ಸಲ ಹೋದಾಗ ನಮ್ಮಲ್ಲೊಬ್ರು ಮಾತು ಮುಗಿಯೋಕೆ ಮುಂಚೆನೇ ತಮ್ಮ ಭಾಮೈದನ ಟ್ರಾನ್ಸ್‌ಫರ್ ಕಾಗದ ತೆಗೆದ್ರು, ಅಲ್ಲಿಗೆ ಪೆನ್ಷನ್ ಮಾತು ನಿಂತೇ ಹೋಯ್ತು, ಸಾವಿರಾರು ಜನರ ವಿಚಾರ ಹೋಗಿ ಒಬ್ರ ವಿಚಾರ ಆಗೋಯ್ತು. ನನಗೆ ಇವತ್ತಿಗೂ ಅದು ನೋವೇ.

ಯಾರ ಹತ್ರ ಹೋಗೋದು? ತುಮಕೂರು ಜಿಲ್ಲೇಲಿ 11 ಎಂಎಲ್‌ಎ, ಕೋಲಾರದಲ್ಲಿ 6, ಚಿಕ್ಕಬಳ್ಳಾಪುರದಲ್ಲಿ 5, ಮೂರೂ ಸೇರಿದ್ರೆ 22. ಆದ್ರೆ ನಮ್ಮೋರು ಮರೆಯೋದು ಎಂಎಲ್‌ಸಿಗಳನ್ನ, ಅಂದ್ರೆ ವಿಧಾನ ಪರಿಷತ್ ಸದಸ್ಯರನ್ನ. ಆಗ್ನೇಯ ಶಿಕ್ಷಕರ ಕ್ಷೇತ್ರ, ಆಗ್ನೇಯ ಪದವೀಧರ ಕ್ಷೇತ್ರ ಎರಡರಲ್ಲೂ ಈ ಮೂರು ಜಿಲ್ಲೆ ಬರ್ತವೆ. ಶಿಕ್ಷಕರ ಕ್ಷೇತ್ರದಲ್ಲಿ ಹೈಸ್ಕೂಲು ಮತ್ತೆ ಅದಕ್ಕಿಂತ ಮೇಲಿನೋರಿಗೆ ಮಾತ್ರ ಓಟು, ಪ್ರೈಮರಿ ಮೇಷ್ಟ್ರಿಗಿಲ್ಲ, ಆದ್ರೆ ಡಿಗ್ರಿ ಆಗಿದ್ರೆ ಪದವೀಧರ ಕ್ಷೇತ್ರದಲ್ಲಿ ಹೆಸರು ಸೇರಿಸ್ಕೋಬಹುದು. ಹಳ್ಳಿ ಲೆಕ್ಕಿಗರು, ನರ್ಸ್‌ಗಳು, ಎಫ್‌ಡಿಎಗಳು (ಪ್ರಥಮ ದರ್ಜೆ ಸಹಾಯಕರು) ಡಿಗ್ರಿ ಇದ್ರೂ ಹೆಸರು ಸೇರಿಸಿಲ್ಲ, ಮೊದ್ಲು ಆ ಕೆಲ್ಸ ಮಾಡಿ, ಓಟರ್ ಲಿಸ್ಟಲ್ಲಿ ಇದೀರಿ ಅಂದ್ರೆ ಕೂರಿಸಿ ಮಾತಾಡ್ತಾರೆ.

ಎಂಪಿ ವಿಚಾರ ಬೇರೆ. ಹಳೇ ಪೆನ್ಷನ್‌ಗೆ ವಾಪಸ್ ಹೋಗೋ ತೀರ್ಮಾನ ರಾಜ್ಯದ್ದು, ಆದ್ರೆ ಇಲ್ಲಿವರೆಗೂ ಕಟ್ಟಿರೋ ದುಡ್ಡನ್ನ ರಾಜ್ಯಕ್ಕೆ ವಾಪಸ್ ಕೊಡೋಕೆ ಪಿಎಫ್‌ಆರ್‌ಡಿಎ (ಎನ್‌ಪಿಎಸ್ ನೋಡ್ಕೊಳ್ಳೋ ಕೇಂದ್ರದ ಪ್ರಾಧಿಕಾರ) ಕಾಯ್ದೇಲಿ ಅವಕಾಶ ಇಲ್ಲ ಅಂತ ಕೇಂದ್ರ ಹೇಳಿದೆ. ಆ ಒಂದು ಪಾಯಿಂಟ್ ಎಂಪಿಗೆ ಕೊಡಿ. ಶಿರಾ, ಪಾವಗಡದೋರು ಚಿತ್ರದುರ್ಗ ಎಂಪಿ ಹತ್ರ ಹೋಗ್ಬೇಕು, ಕುಣಿಗಲ್‌ನೋರು ಬೆಂಗಳೂರು ಗ್ರಾಮಾಂತರ, ಶಿಡ್ಲಘಟ್ಟ-ಚಿಂತಾಮಣಿಯೋರು ಕೋಲಾರ. ಜಿಲ್ಲೆ ನೋಡ್ಕೊಂಡು ಹೋದ್ರೆ ತಪ್ಪು ಮನೆ ಬಾಗ್ಲಿಗೆ ಹೋಗ್ತೀರ.

ಈಗ ಮುಖ್ಯವಾದದ್ದು, ಮನವಿ ಒಂದೇ ಪೇಜ್ ಇರ್ಲಿ. ಅದ್ರಲ್ಲಿ ಒಬ್ಬ ಮನುಷ್ಯನ ಲೆಕ್ಕ ಇರ್ಲಿ. ನಿಮ್ಮ ತಾಲ್ಲೂಕಲ್ಲೇ ಎನ್‌ಪಿಎಸ್‌ನಲ್ಲಿ ರಿಟೈರ್ ಆದೋರು ಯಾರಾದ್ರೂ ಸಿಕ್ತಾರೆ, ಅವ್ರನ್ನ ಕೇಳಿ, ಒಪ್ಪಿದ್ರೆ ಅವ್ರ ಸ್ಟೇಟ್‌ಮೆಂಟ್ ಹಾಕಿ, ಪ್ರಾನ್ ನಂಬರ್ (ಅವ್ರ ಎನ್‌ಪಿಎಸ್ ಖಾತೆ ನಂಬರ್) ಮುಚ್ಚಿ. ಉದಾಹರಣೆಗೆ ಖಾತೇಲಿ 20 ಲಕ್ಷ ಇದೆ ಅನ್ಕೊಳ್ಳಿ. ಶೇ 60 ಅಂದ್ರೆ 12 ಲಕ್ಷ ಕೈಗೆ, ಉಳಿದ 8 ಲಕ್ಷಕ್ಕೆ ಆನ್ಯುಯಿಟಿ (ವಿಮಾ ಕಂಪನಿಯಿಂದ ಪೆನ್ಷನ್ ಪ್ಲಾನು) ತಗೊಳ್ಳಲೇಬೇಕು. ಶೇ 6.5 ಸಿಕ್ರೆ ವರ್ಷಕ್ಕೆ 52 ಸಾವಿರ, ತಿಂಗಳಿಗೆ 4,333 ರೂಪಾಯಿ, ಡಿಎ (ತುಟ್ಟಿಭತ್ಯೆ) ಇಲ್ಲ, ಅಲ್ಲಿಗೇ ನಿಂತೋಯ್ತು. ಅದೇ ಮನುಷ್ಯನ ಕೊನೇ ಬೇಸಿಕ್ 60 ಸಾವಿರ ಇದ್ದು ಪೂರ್ತಿ ಸರ್ವಿಸ್ ಆಗಿದ್ರೆ ಹಳೇ ಪೆನ್ಷನ್ 30 ಸಾವಿರ, ಮೇಲೆ ಡಿಎ. ಆ 12 ಲಕ್ಷನ ಮುಚ್ಚಿಡ್ಬೇಡಿ, ಅವ್ರೇ ಕೇಳ್ತಾರೆ. ಹಳೇದ್ರಲ್ಲೂ ಕಮ್ಯುಟೇಷನ್ (ಪೆನ್ಷನ್‌ನ ಒಂದು ಭಾಗ ಬಿಟ್ಕೊಟ್ಟು ಒಟ್ಟಿಗೆ ದುಡ್ಡು ತಗೊಳ್ಳೋದು) ಇತ್ತು ಅಂತ ಹೇಳಿ. ಪೇಜಿನ ಮೇಲ್ಗಡೆ ಬೇಕಿದ್ರೆ ಒಂದು ಸಾಲು, 1982ರ ಡಿಸೆಂಬರ್ 17ಕ್ಕೆ ನಕಾರಾ ಕೇಸಲ್ಲಿ ಸುಪ್ರೀಂ ಕೋರ್ಟು ಪೆನ್ಷನ್ ಅಂದ್ರೆ ಸರ್ಕಾರ ದಯೆಯಿಂದ ಕೊಡೋದಲ್ಲ, ನೌಕರನ ಹಕ್ಕು ಅಂತ ಹೇಳಿದ್ದು.

ಹೋಗೋ ಟೈಮು ಬೆಳಗ್ಗೆ ಏಳೂವರೆ ಒಳಗೆ, ಮನೇಲಿ. ಐದು ಜನ ಸಾಕು, ಅದ್ರಲ್ಲಿ ಒಬ್ರು ಆ ರಿಟೈರ್ ಆದೋರೇ ಇರ್ಲಿ, ಒಬ್ರು ಹೆಣ್ಮಗಳು ಇರ್ಲಿ. ಹಿಂದಿನ ದಿನ ಪಿಎಗೆ ಹೇಳಿರಿ. ಕೆಡಿಪಿ ಸಭೆ (ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ) ದಿನ ಬೇಡ, ಮದುವೆ ಮನೇಲಿ ಬೇಡ, ನಮ್ಮ ದಂಡಿನ ಮಾರಮ್ಮನ ಜಾತ್ರೇಲಿ ಒಬ್ರು ಕೈಗೆ ಕೊಟ್ಟು ಬಂದ್ರು, ಆ ಕಾಗದ ಏನಾಯ್ತೋ ಆ ತಾಯಿಗೇ ಗೊತ್ತು.

ಅವ್ರು ಕೇಳೋ ಪ್ರಶ್ನೆ ಮೂರೋ ನಾಲ್ಕೋ, ಉತ್ರ ರೆಡಿ ಇರ್ಲಿ. "ದುಡ್ಡೆಲ್ಲಿದೆ ಮೇಷ್ಟ್ರೇ, ಆರ್‌ಬಿಐನೇ ಬೇಡ ಅಂದಿದೆ" ಅಂತಾರೆ. ನಿಜ, 2023ರಲ್ಲಿ ಆರ್‌ಬಿಐ ಅಧ್ಯಯನ ಹಳೇ ಪದ್ಧತಿಯ ಹೊರೆ ಎನ್‌ಪಿಎಸ್‌ನ ನಾಲ್ಕೂವರೆ ಪಟ್ಟುವರೆಗೂ ಹೋಗ್ಬಹುದು ಅಂತ ಬರೀತು, ಸುಳ್ಳು ಅಂತ ವಾದ ಮಾಡ್ಬೇಡಿ. ಇವತ್ತೇ ಪ್ರತಿ ತಿಂಗಳು ನಮ್ಮ ಬೇಸಿಕ್ ಪ್ಲಸ್ ಡಿಎ ಮೇಲೆ ಸರ್ಕಾರ ಶೇ 14 ಖಜಾನೆಯಿಂದ ಕಟ್ತಿದೆ, ಅದು ಮಾರುಕಟ್ಟೆಗೆ ಹೋಗ್ತಿದೆ, ಹಳೇದಕ್ಕೆ ಬಂದ್ರೆ ಅದು ಇಲ್ಲೇ ಉಳಿಯುತ್ತೆ, ಹೊರೆ ಬರೋದು ಮುಂದಕ್ಕೆ, ಅದಕ್ಕೆ ಈಗ್ಲಿಂದ ಒಂದು ನಿಧಿ ಮಾಡಿ ಅಂತ ಹೇಳಿ. "ಯುಪಿಎಸ್ ಬಂದಿದ್ಯಲ್ಲ" ಅಂತಾರೆ, ಅಂದ್ರೆ ಕೇಂದ್ರದ ಏಕೀಕೃತ ಪಿಂಚಣಿ ಯೋಜನೆ. ಅದು ಕೇಂದ್ರ ನೌಕರರಿಗೆ 1-4-2025ರಿಂದ ಬಂದಿದ್ದು, ಅದ್ರಲ್ಲೂ ನೌಕರನ ಸಂಬಳದಿಂದ ಶೇ 10 ಕಟ್ಟಾಗುತ್ತೆ, ಪೂರ್ತಿ ಅರ್ಧ ಸಂಬಳ ಸಿಗೋಕೆ 25 ವರ್ಷ ಸರ್ವಿಸ್ ಬೇಕು. ನಮ್ಮ ಕಡೆ 38ಕ್ಕೆ ಕೆಲ್ಸ ಸಿಕ್ಕಿದೋರು ಎಷ್ಟು ಜನ ಇಲ್ಲ, 60ಕ್ಕೆ ರಿಟೈರ್ ಆದ್ರೆ 22 ವರ್ಷ ಆಗೋದು. ಇದನ್ನ ಹೇಳಿದಾಗ ಅವ್ರು ಪೆನ್ ತೆಗೆದು ಬರ್ಕೊಂಡ್ರು.

"ನಿಮಗೇ ಪೆನ್ಷನ್ ಇದೆ, 2025ರಲ್ಲಿ ಏರಿಸ್ಕೊಂಡ್ರಿ" ಅಂತ ಮುಖಕ್ಕೆ ಹೊಡ್ದಂಗೆ ಅನ್ಬೇಡಿ. ಸಿಟ್ಟು ನ್ಯಾಯವಾದದ್ದೇ, ಆದ್ರೆ ಅಷ್ಟು ಹೇಳಿದ್ಮೇಲೆ ಅವ್ರ ಕೈಲಿ ಕೆಲ್ಸ ಮಾಡಿಸ್ಕೊಳ್ಳೋಕಾಗಲ್ಲ.

ಕೊನೇಗೆ ಕೇಳೋದು ಒಂದೇ ಒಂದು ಕೆಲ್ಸ ಕೇಳಿ. ವಿರೋಧ ಪಕ್ಷದೋರಾದ್ರೆ ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ರ ಕೊಡೋ ಪ್ರಶ್ನೆ) ಹಾಕಿ ಅಂತ, ಪ್ರಶ್ನೆ ನೀವೇ ಬರ್ಕೊಂಡು ಹೋಗಿ: ಎನ್‌ಪಿಎಸ್‌ನಲ್ಲಿ ಎಷ್ಟು ನೌಕರರಿದ್ದಾರೆ, ಸರ್ಕಾರ ವರ್ಷಕ್ಕೆ ಎಷ್ಟು ವಂತಿಗೆ ಕಟ್ತಿದೆ, 2023ರ ಮಾರ್ಚಲ್ಲಿ ಸರ್ಕಾರಿ ನೌಕರರ ಮುಷ್ಕರದ ಹೊತ್ತಲ್ಲಿ ಹಳೇ ಪೆನ್ಷನ್ ವಿಚಾರಕ್ಕೆ ಮಾಡಿದ ಸಮಿತಿಯ ವರದಿ ಏನಾಯ್ತು. ಆಡಳಿತ ಪಕ್ಷದೋರು ಪ್ರಶ್ನೆ ಹಾಕೋಕೆ ಹಿಂಜರೀತಾರೆ, ಅವ್ರ ಹತ್ರ ಮುಖ್ಯಮಂತ್ರಿಗೆ ಪತ್ರ ಬರೆಸಿ, ಡ್ರಾಫ್ಟ್ ಕೊಡಿ, ಕಾಪಿ ಈಸ್ಕೊಳ್ಳಿ. 2024ರ ಜನವರಿಯಲ್ಲಿ, ನೇಮಕಾತಿ ಅಧಿಸೂಚನೆ 1-4-2006ಕ್ಕೆ ಮುಂಚೆ ಆಗಿದ್ದ ಸುಮಾರು 13 ಸಾವಿರ ಜನಕ್ಕೆ ಹಳೇ ಪೆನ್ಷನ್ ಕೊಟ್ರಲ್ಲ, ಅದನ್ನ ಪತ್ರದಲ್ಲಿ ನೆನಪಿಸಿ ಧನ್ಯವಾದ ಹೇಳಿ, ಉಳಿದೋರ ವಿಚಾರ ಕೇಳಿ.

ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಡ್ಬೇಕು, ಅದ್ರಿಂದ ಬೆಳಗಾವಿ ಅಧಿವೇಶನಕ್ಕೆ ಬೇಕಂದ್ರೆ ನವೆಂಬರ್ ಮೊದಲ ವಾರಕ್ಕೇ ಹೋಗಿ. ಹೋಗಿ ಬಂದ ಹತ್ತು ದಿನಕ್ಕೆ ಪಿಎಗೆ ಫೋನ್ ಮಾಡಿ, ಮತ್ತೆ ಹತ್ತು ದಿನಕ್ಕೆ ಇನ್ನೊಂದ್ಸಲ. ಸದನದಲ್ಲಿ ಉತ್ರ ಬಂದ್ರೆ ಪ್ರಿಂಟ್ ತೆಗೆದು ಪಕ್ಕದ ತಾಲ್ಲೂಕಿನ ಸಂಘಕ್ಕೂ ಒಂದು ಕಾಪಿ ಕಳ್ಸಿ. ನಮ್ಮ ತಾಲ್ಲೂಕಿನ ಡ್ರಾಫ್ಟ್ ಪ್ರಶ್ನೆನ ಕೊರಟಗೆರೆಯೋರು ಹೆಸರು ಬದ್ಲಾಯಿಸಿ ಅವ್ರ ಕಡೆ ಕೊಟ್ರು. ಹಂಗೇ ಆಗ್ಬೇಕು, ಯಾರು ಬೇಕಾದ್ರೂ ತಗೊಳ್ಳಿ.