ಮೂರು ದ್ವೀಪದ ಕ್ರೂಸ್ ಬಿಟ್ಟು ಮೋನಿಗೆ ಹೋಗಿ ಬಂದೆವು: ನನ್ನ ಅನುಭವ

ಗ್ರೀಸ್‌ನ ಅಥೆನ್ಸ್ ಪಕ್ಕದ ಬಂದರು ಪಿರೇಯಸ್‌ನಿಂದ ಈಜಿನಾ ದ್ವೀಪ, ಅಲ್ಲಿಂದ ಅದೇ ದ್ವೀಪದ ಪೆರ್ಡಿಕಾ ಹಳ್ಳಿ, ಪೆರ್ಡಿಕಾದಿಂದ ಮೋನಿ ಅನ್ನೋ ಪುಟ್ಟ ದ್ವೀಪ. ಎಲ್ಲಾ ಒಂದೇ ದಿನದಲ್ಲಿ, ಎಪ್ಪತ್ತು ದಾಟಿದ ಅತ್ತೆ-ಮಾವ ಮತ್ತು ಆರು ವರ್ಷದ ಮಗಳ ಜೊತೆ, ಮಾಮೂಲಿ ಫೆರಿ, ಬಸ್ಸು, ದೋಣಿ ಹಿಡಿದು. ಇದು ಆಗೋ ಕೆಲಸ ಅಲ್ಲ ಅಂತ ಮ್ಯೂನಿಕ್‌ನ ನಮ್ಮ ಕನ್ನಡದ ಗೆಳೆಯರೆಲ್ಲಾ ಹೇಳಿದ್ದರು. "ಸುಮ್ನೆ ಕ್ರೂಸ್ ತಗೊಳ್ಳಿ, ಹೋಟೆಲಿಗೇ ಬಸ್ ಬರುತ್ತೆ" ಅನ್ನೋದು ಅವರ ಸಲಹೆ. ಕಳೆದ ಸೆಪ್ಟೆಂಬರ್‌ನಲ್ಲಿ ಹೋಗಿ ಬಂದೆವು. ರಾತ್ರಿ ಎಂಟಕ್ಕೆಲ್ಲಾ ಅಥೆನ್ಸ್‌ನ ರೂಮಿನಲ್ಲಿದ್ದೆವು. ಯಾರಿಗೂ ವಾಂತಿ ಆಗಲಿಲ್ಲ.

ಕ್ರೂಸ್ ಮೇಲೆ ನನಗೆ ಸಿಟ್ಟು ಯಾಕೆ ಅಂದರೆ, ಅದು ಹೈಡ್ರಾ, ಪೋರೊಸ್, ಈಜಿನಾ ಮೂರನ್ನೂ ಒಂದೇ ದಿನ ತೋರಿಸುತ್ತದೆ. ಪೋರೊಸ್‌ನಲ್ಲಿ ಒಂದು ಐಸ್‌ಕ್ರೀಮ್ ಮುಗಿಯೋಷ್ಟರಲ್ಲಿ ಹಡಗು ಹಾರ್ನ್ ಹೊಡೆಯುತ್ತದೆ. ಉಳಿದ ಹೊತ್ತೆಲ್ಲಾ ಹಡಗಿನ ಒಳಗೆ, ಜೋರು ಸಂಗೀತದ ಜೊತೆ. ತಲೆಗೆ ನೂರರಿಂದ ನೂರಿಪ್ಪತ್ತು ಯೂರೋ. ನಮ್ಮ ಮನೆಯ ಲೆಕ್ಕಕ್ಕೆ ಅದು ಐನೂರು ಮುಟ್ಟುತ್ತಿತ್ತು.

ಹಾಗಂತ ನನ್ನ ದಾರಿ ಮೊದಲ ಏಟಿಗೇ ಕೈಹಿಡಿಯಲಿಲ್ಲ. ಮೊದಲು ಕಣ್ಣು ಹಾಕಿದ್ದು ಪುರಾತನ ಅವಶೇಷಗಳ ದ್ವೀಪ ಡೀಲೊಸ್ ಮೇಲೆ. ಮಿಕೊನೊಸ್‌ನಿಂದ ಅರ್ಧ ಗಂಟೆಯ ದೋಣಿ. ರಾತ್ರಿ ಯಾರೂ ಉಳಿಯುವ ಹಾಗಿಲ್ಲ, ಹಾಗಾಗಿ ದಿನದ ಪ್ರವಾಸಕ್ಕೆ ಹೇಳಿ ಮಾಡಿಸಿದ ಜಾಗ ಅಂದುಕೊಂಡಿದ್ದೆ. ಹೋಗಿದ್ದು ಜುಲೈ ಕೊನೆಗೆ. ಮೆಲ್ಟೆಮಿ, ಅಂದರೆ ಬೇಸಿಗೆಯಲ್ಲಿ ಬೀಸುವ ಜೋರು ಉತ್ತರದ ಗಾಳಿ ಎದ್ದಿತು ನೋಡಿ, ಅಲ್ಲಿದ್ದಷ್ಟು ದಿನವೂ ದೋಣಿ ಹೊರಡಲಿಲ್ಲ. ಮಿಕೊನೊಸ್‌ನಲ್ಲಿ ರೂಮಿಗೆ ರಾತ್ರಿಗೆ ಇನ್ನೂರರ ಮೇಲೆ. ಕಿಟಕಿಯಿಂದ ನೊರೆ ನೋಡೋದಕ್ಕೆ ಕೊಟ್ಟ ದುಡ್ಡು ಅದು. ಇನ್ನೊಂದು ವರ್ಷ ಮೇ ದಿನಾಚರಣೆಗೆ ಸರಿಯಾಗಿ ಪಿರೇಯಸ್‌ಗೆ ಬಂದೆವು. ಹಡಗು ನೌಕರರ ಮುಷ್ಕರ, ಹಗ್ಗ ಬಿಚ್ಚುವವರೇ ಇಲ್ಲ. ಮತ್ತೊಂದು ಸಲ ಈಜಿನಾವರೆಗೇನೋ ಹೋದೆವು. ಆದರೆ ಬೇಗ ಮುಟ್ಟಲಿ ಅಂತ ಹೈಡ್ರೋಫಾಯಿಲ್ (ನೀರಿನ ಮೇಲೆದ್ದು ಓಡುವ ವೇಗದ ಬೋಟು) ಹತ್ತಿದ್ದರಿಂದ ಅತ್ತೆ ನಲವತ್ತು ನಿಮಿಷವೂ ಕವರ್ ಹಿಡಿದೇ ಕೂತಿದ್ದರು. ಮುಚ್ಚಿದ ಕ್ಯಾಬಿನ್, ಡೀಸೆಲ್ ವಾಸನೆ, ಎದ್ದು ಹೊರಗೆ ನಿಲ್ಲಲು ಡೆಕ್ ಇಲ್ಲ. ಅಂದು ಬೆಳಗ್ಗೆ ಈಜಿನಾದ ಪುರಾತನ ಅಫಾಯಾ ದೇವಾಲಯ, ಮಧ್ಯಾಹ್ನ ಮೋನಿ ಅಂತ ಲೆಕ್ಕ ಹಾಕಿದ್ದೆ. ದೇವಾಲಯದಿಂದ ಪೇಟೆಗೆ ಬರುವಾಗ ಪೆರ್ಡಿಕಾ ಬಸ್ಸು ಹೋಗಿಯಾಗಿತ್ತು. ಭಾನುವಾರ ಬೇರೆ. ಮುಂದಿನದು ಎರಡು ಗಂಟೆ ಬಿಟ್ಟು. ಮೋನಿಯನ್ನು ದೂರದಿಂದ ನೋಡಿ ವಾಪಸ್.

ದೇವಾಲಯದ ವಿಷಯ ಬಂತಲ್ಲ, ಒಂದು ಮಾತು. ಅದರ ಶಿಲ್ಪಗಳಲ್ಲಿ ಹೆಚ್ಚಿನವು ಇರೋದು ನಮ್ಮ ಮ್ಯೂನಿಕ್‌ನಲ್ಲಿ, ಗ್ಲಿಪ್ಟೊಥೆಕ್ ಮ್ಯೂಸಿಯಂನಲ್ಲಿ. 1811ರಲ್ಲಿ ಅಗೆದು ತೆಗೆದವರಿಂದ ಆಮೇಲೆ ಬವೇರಿಯಾದ ಯುವರಾಜ ಲುಡ್ವಿಗ್ ಕೊಂಡುಕೊಂಡ. ಮಾವ ಇಲ್ಲಿ ಬಾಣ ತಗುಲಿ ಬಿದ್ದ ಯೋಧನನ್ನು ನೋಡಿದವರು, ಅಲ್ಲಿ ಖಾಲಿ ಗುಡಿ ನೋಡಿ "ಒಡವೆ ಒಂದು ಕಡೆ, ಮದುಮಗಳು ಒಂದು ಕಡೆ" ಅಂದರು. ಬೇಲೂರಿನ ಮದನಿಕೆಯರನ್ನು ಹೀಗೆ ಕಿತ್ತುಕೊಂಡು ಹೋಗಿದ್ದರೆ ಅಂತ ನನಗೂ ಅನ್ನಿಸಿತು. ದೇವಾಲಯ ನೋಡಲೇಬೇಕಾದ್ದು. ಆದರೆ ಮೋನಿಗೆ ಹೋಗೋ ದಿನ ಬೇಡ.

ಈ ಸಲ ಮಾಡಿದ್ದು ಹೀಗೆ. ಈಜಿನಾ ಇರುವ ಸಾರೋನಿಕ್ ಕೊಲ್ಲಿಗೆ ಮೆಲ್ಟೆಮಿಯ ಕಾಟ ಮಿಕೊನೊಸ್ ಇರುವ ಸೈಕ್ಲೇಡ್ಸ್ ದ್ವೀಪಗಳಷ್ಟು ಇಲ್ಲ. ಆದರೂ ಮೂರು ದಿನ ಮುಂಚೆಯಿಂದ ಗಾಳಿ ನೋಡುತ್ತಿದ್ದೆ. ಗಾಳಿಯ ಜೋರು ಅಳೆಯುವ ಬೋಫೋರ್ಟ್ ಮಾಪಕದಲ್ಲಿ ನಾಲ್ಕರ ಒಳಗೆ ಇದ್ದರೆ ಮಾತ್ರ ಹೊರಡೋದು. ಗಾಳಿ ಜಾಸ್ತಿಯಾದರೆ ಮೊದಲು ನಿಲ್ಲೋದು ಸಣ್ಣ ಮತ್ತು ವೇಗದ ಬೋಟುಗಳು. ದೊಡ್ಡ ಫೆರಿ ಇನ್ನೂ ಓಡುತ್ತಿರುತ್ತದೆ. ನಮಗೆ ಕೊನೆಯಲ್ಲಿ ಮೋನಿಗೆ ಹೋಗುವ ಹತ್ತು ನಿಮಿಷದ ದೋಣಿಯೇ ಮುಖ್ಯ, ಅಲ್ವಾ? ದಿನ ಆರಿಸಿದ್ದು ವಾರದ ಮಧ್ಯೆ. ಬವೇರಿಯಾದಲ್ಲಿ ಶಾಲೆಗೆ ರಜೆ ಸೆಪ್ಟೆಂಬರ್ ಮಧ್ಯದವರೆಗೂ ಇರುತ್ತದೆ, ಅದು ನಮ್ಮ ಪುಣ್ಯ.

ಬೆಳಗ್ಗೆ ಮೊನಾಸ್ತಿರಾಕಿಯಿಂದ ಮೆಟ್ರೋ. ಪಿರೇಯಸ್‌ನಲ್ಲಿ ಇಳಿದು ರಸ್ತೆ ದಾಟಿದರೆ ಈಜಿನಾ ಫೆರಿ ಹೊರಡುವ ಇ-8 ಗೇಟ್ ಹತ್ತಿರವೇ. ಹೈಡ್ರೋಫಾಯಿಲ್ ಕಡೆ ತಲೆ ಹಾಕಲಿಲ್ಲ, ಕಾರು-ಲಾರಿ ಹತ್ತುವ ನಿಧಾನದ ಫೆರಿ ಹಿಡಿದೆವು. ಒಂದೂಕಾಲು ಗಂಟೆ. ಅತ್ತೆಯನ್ನು ಹಡಗಿನ ಮಧ್ಯಭಾಗದಲ್ಲಿ, ಹೊರಗಿನ ಡೆಕ್‌ನಲ್ಲಿ, ದಿಗಂತ ಕಾಣುವ ಹಾಗೆ ಕೂರಿಸಿದೆ. ಮಾತ್ರೆ, ಶುಂಠಿ, ನಿಂಬೆ ಮೂಸೋದು ಎಲ್ಲಾ ಹಿಂದೆ ಪ್ರಯೋಗ ಮಾಡಿದ್ದೇನೆ. ಮಾತ್ರೆಯಿಂದ ಅವರು ಇಡೀ ದಿನ ತೂಕಡಿಸಿದ್ದರು. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿದ್ದು ಇನ್ನೂ ಕೆಟ್ಟದ್ದು. ಈ ಸಲ ಎರಡು ಒಣ ರಸ್ಕ್, ಹೊರಗಿನ ಗಾಳಿ, ಅಷ್ಟೇ. ಅಪೊಲೊ ಗುಡಿಯ ಒಂಟಿ ಕಂಬ ಕಾಣಿಸಿದಾಗ ಅವರೇ ಎದ್ದು ಫೋಟೋ ತೆಗೆದರು.

ಈಜಿನಾ ಬಂದರಿನಲ್ಲಿ ಇಳಿದ ತಕ್ಷಣ ಬಿಳಿ ಚಾಪೆಲ್ (ಪುಟ್ಟ ಚರ್ಚು) ಮುಂದೆ ಸೆಲ್ಫಿಗೆ ನಿಲ್ಲಬೇಡಿ. ನೇರವಾಗಿ ಬಸ್ ನಿಲ್ದಾಣಕ್ಕೆ ನಡೆಯಿರಿ, ಎಡಗಡೆ ಎರಡು ಮೂರು ನಿಮಿಷ. ಟಿಕೆಟ್ ಹತ್ತುವ ಮೊದಲೇ ಕೌಂಟರಿನಲ್ಲಿ ತೆಗೆದುಕೊಳ್ಳಿ. ಪೆರ್ಡಿಕಾಗೆ ಇಪ್ಪತ್ತು ನಿಮಿಷ, ತಲೆಗೆ ಎರಡು ಯೂರೋ ಚಿಲ್ಲರೆ. ಯಾವ ಫೆರಿಗೆ ಯಾವ ಬಸ್ಸು ಸರಿಹೊಂದುತ್ತದೆ ಅನ್ನೋದು ಕಂಡುಹಿಡಿಯಲು ನನಗೆ ಎರಡು ಬೇಸಿಗೆ ಹಿಡಿಯಿತು. ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಹಾಗಾಗಿ ಗಂಟೆ ಬರೆದು ಪ್ರಯೋಜನ ಇಲ್ಲ. ಬಸ್ಸಿನ ಪಟ್ಟಿ ಮೊದಲು ನೋಡಿ, ಫೆರಿ ಆಮೇಲೆ ಆರಿಸಿ. ಎಲ್ಲರೂ ತಿರುಗಾಮುರುಗಾ ಮಾಡುತ್ತಾರೆ.

ಪೆರ್ಡಿಕಾದ ಕಟ್ಟೆಯಿಂದ ಮೋನಿ ಎದುರಿಗೇ ಕಾಣುತ್ತದೆ. ಹೋಗಿಬರಲು ಐದಾರು ಯೂರೋ. ಹತ್ತುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿ, ಬೆರಳಲ್ಲಿ ಎಣಿಸಿ ತೋರಿಸಿಕೊಳ್ಳಿ.

ಮೋನಿಯಲ್ಲಿ ಊರಿಲ್ಲ, ಮನೆಯಿಲ್ಲ. ಪೈನ್ ಮರ, ಹಸಿರು ನೀರು, ಬೇಸಿಗೆಯಲ್ಲಿ ಒಂದು ಕ್ಯಾಂಟೀನ್. ಜಿಂಕೆ, ಕ್ರೀಟ್ ಕಡೆಯ ಕಾಡು ಮೇಕೆ, ನವಿಲು ಇವೆ. ನಮ್ಮ ಕಡೆ ನವಿಲು ಮನುಷ್ಯರನ್ನು ಕಂಡರೆ ಬೇಲಿ ಹಾರುತ್ತದೆ. ಇಲ್ಲಿನದು ಬಂದು ಅತ್ತೆಯ ಮಂಡಿಯ ಪಕ್ಕ ನಿಂತು, ಕತ್ತು ಓರೆ ಮಾಡಿ, ಗೊಜ್ಜವಲಕ್ಕಿ ಡಬ್ಬಿಯೊಳಗೆ ಇಣುಕಿತು. ಒಂದು ಕಡಲೆಬೀಜ ಎತ್ತಿಕೊಂಡಿತು. ಖಾರ ಹತ್ತಿತೋ ಏನೋ, ತಲೆ ಒದರಿ ಅದನ್ನು ಉಗುಳಿ ಇನ್ನೊಂದಕ್ಕೆ ಬಾಯಿ ಹಾಕಿತು. ಅತ್ತೆ "ಶೂ ಶೂ" ಅನ್ನುತ್ತಿರುವಾಗ ಹಿಂದಿನಿಂದ ಜಿಂಕೆ ಬಂದು ಚಪಾತಿ ಕಟ್ಟಿದ್ದ ಕಾಗದವನ್ನೇ ಎಳೆಯಿತು. ಜಿಪ್ ಇರುವ ಚೀಲ ಒಯ್ಯಿರಿ, ಮರಕ್ಕೆ ನೇತುಹಾಕಿ. ಗುಡ್ಡದ ತುದಿಯಲ್ಲಿ ಎರಡನೇ ಮಹಾಯುದ್ಧದ ಕಾವಲು ಗೂಡೊಂದಿದೆ. ಕಾಲುದಾರಿಯಲ್ಲಿ ಸಡಿಲ ಕಲ್ಲು ಜಾಸ್ತಿ, ಚಪ್ಪಲಿ ಸಾಲದು. ಮಧ್ಯಾಹ್ನ ಎರಡರ ಮೇಲೂ ನೆರಳು ಉಳಿಯುವ ಒಂದು ಜಾಗ ಇದೆ. ಅದನ್ನು ಮಾತ್ರ ಹೇಳಲ್ಲ, ಮುಂದಿನ ವರ್ಷ ನಮಗೇ ಬೇಕು.

ಊಟ ವಾಪಸ್ ಬಂದು ಪೆರ್ಡಿಕಾದಲ್ಲಿ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. "ನಿಸ್ತೀಸಿಮೊ" ಅಂತ ಕೇಳಿ, ಉಪವಾಸದ ಅಡುಗೆ ಕೊಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಮಾಂಸ, ಹಾಲು, ಮೊಟ್ಟೆ ಇರೋದಿಲ್ಲ, ನಿಜ. ಆದರೆ ಅವರ ಉಪವಾಸಕ್ಕೆ ಆಕ್ಟೋಪಸ್, ಸಿಗಡಿ ನಡೆಯುತ್ತದೆ. ನಮ್ಮ ಗೆಳೆಯರೊಬ್ಬರ ತಟ್ಟೆಗೆ ಅದು ಬಂದೇ ಬಂದಿತ್ತು. ನಾನು ಹೆಸರು ಹಿಡಿದು ಕೇಳುತ್ತೇನೆ: ಫಾವಾ, ಗಿಗಾಂಟೆಸ್, ಹೊರ್ತಾ. ಫಾವಾ ಅಂದರೆ ಹಳದಿ ಬೇಳೆ ಬೇಯಿಸಿ ಮಸೆದದ್ದು, ಗಿಗಾಂಟೆಸ್ ಅಂದರೆ ದೊಡ್ಡ ಬಿಳಿ ಬೀನ್ಸ್, ಹೊರ್ತಾ ಅಂದರೆ ಬೇಯಿಸಿದ ಸೊಪ್ಪು. ಮಾವ ನಿಂಬೆ ಹಿಂಡಿ, ಜೇಬಿನಿಂದ ಚಟ್ನಿಪುಡಿ ಉದುರಿಸಿಕೊಂಡು ಎರಡು ಸಲ ಹಾಕಿಸಿಕೊಂಡರು.

ಖರ್ಚು ನೆನಪಿನಿಂದ: ಫೆರಿ ಹೋಗಿಬರಲು ಎಲ್ಲರಿಗೂ ಸೇರಿ ನೂರರ ಹತ್ತಿರ, ಮಗಳಿಗೆ ಅರ್ಧ ಟಿಕೆಟ್. ಬಸ್ಸು ಮತ್ತು ಮೆಟ್ರೋ ಮೂವತ್ತು. ಮೋನಿ ದೋಣಿ ಇಪ್ಪತ್ತೈದು. ಊಟ ಅರವತ್ತು. ಇನ್ನೂರ ಇಪ್ಪತ್ತರ ಆಸುಪಾಸು ಬಿತ್ತು, ಕ್ರೂಸಿನ ಅರ್ಧ ಬೆಲೆಯೂ ಇಲ್ಲ. ಪಿಸ್ತಾ ಇದರಲ್ಲಿ ಸೇರಿಲ್ಲ. ಈಜಿನಾ ಪಿಸ್ತಾ ಹೆಸರುವಾಸಿ, ಆಗಸ್ಟ್ ಕೊನೆಯಿಂದ ಕೊಯ್ಲು, ಹಾಗಾಗಿ ಸೆಪ್ಟೆಂಬರ್‌ನಲ್ಲಿ ಹೊಸ ಮಾಲು. ಬಂದರಿನ ಮೊದಲ ಅಂಗಡಿಗಳಲ್ಲಿ ಕೊಳ್ಳಬೇಡಿ, ಒಳಗಿನ ಗಲ್ಲಿಯಲ್ಲಿ ಕಿಲೋಗೆ ನಾಲ್ಕೈದು ಯೂರೋ ಕಡಿಮೆ. ಸಿಪ್ಪೆ ಸಮೇತ ತಂದು ಮನೆಯಲ್ಲಿ ಬರ್ಫಿ ಮಾಡಿ ನೋಡಿದೆ. ಉಪ್ಪು ಹಾಕಿ ಹುರಿದದ್ದು ಅಂತ ಸಕ್ಕರೆ ಬೆರೆಸಿದ ಮೇಲೆ ಗೊತ್ತಾಯಿತು. ಉಪ್ಪಿಲ್ಲದ್ದು ಬೇಕು ಅಂತ ಕೇಳಿದರೆ ಬೇರೆ ಡಬ್ಬದಿಂದ ಕೊಡುತ್ತಾರೆ.

ವಾಪಸ್ ಬರುವಾಗಲೂ ನಿಧಾನದ ಫೆರಿಯೇ. ಕೊನೆಯದಕ್ಕೆ ಕಾಯದೆ ಅದಕ್ಕಿಂತ ಒಂದು ಮುಂಚಿನದನ್ನು ಹಿಡಿಯಿರಿ, ಬಸ್ಸು ತಡವಾದರೂ ಕೈಯಲ್ಲಿ ಇನ್ನೊಂದು ಫೆರಿ ಉಳಿದಿರುತ್ತದೆ.