ದಸರಾದಿಂದ ಸಂಕ್ರಾಂತಿವರೆಗೂ ಆಸ್ಟರ್: ಪುಣೆಯ ಬಾಲ್ಕನಿಯಲ್ಲಿ ಬೆಳೆಸುವುದು ಹೇಗೆ?

ಮಳೆ ಹಿಂದೆ ಸರಿಯುವ ಹೊತ್ತಿಗೆ ಪುಣೆಯ ಬಾಲ್ಕನಿಗಳು ಮಂಕಾಗಿಬಿಡುತ್ತವೆ. ಗೌರಿ ಹೂ ಉದುರಿರುತ್ತದೆ, ಕಾಸ್ಮಾಸ್ ಒಣಗಿರುತ್ತದೆ, ಸೇವಂತಿಗೆ ಇನ್ನೂ ಮೊಗ್ಗು ಕಟ್ಟುತ್ತಿರುತ್ತದೆ. ಈ ಮಧ್ಯದ ದಿನಗಳಿಗೆ ಆಸ್ಟರ್‌ನಷ್ಟು ಒಳ್ಳೆಯ ಹೂ ಇನ್ನೊಂದಿಲ್ಲ. ನೇರಳೆ, ಗುಲಾಬಿ, ಬಿಳಿ, ತಿಳಿ ನೀಲಿ ಬಣ್ಣಗಳಲ್ಲಿ ಸಿಗುತ್ತದೆ. ಕಾಂಡ ಸಮೇತ ಕತ್ತರಿಸಿದರೆ ಹೂದಾನಿಗೆ, ಬಿಡಿಯಾಗಿ ಕಿತ್ತರೆ ದೇವರ ಮಾಲೆಗೆ. ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್‌ಗೋ ಮುಂಬೈಯ ದಾದರ್ ಹೂ ಮಾರುಕಟ್ಟೆಗೋ ಹಬ್ಬದ ದಿನಗಳಲ್ಲಿ ಹೋದವರಿಗೆ ಈ ಹೂವಿನ ಪರಿಚಯ ಇದ್ದೇ ಇರುತ್ತದೆ.

ಮನೆಯಲ್ಲಿ ಬೆಳೆಸಿದವರು ಸಾಮಾನ್ಯವಾಗಿ ಹೇಳುವ ದೂರು ಒಂದೇ: ಗಿಡ ಗೇಣುದ್ದ ಬೆಳೆದು ಅಲ್ಲೇ ಹೂ ಬಿಟ್ಟಿತು, ಕತ್ತರಿಸೋಣ ಅಂದರೆ ಕಾಂಡವೇ ಇಲ್ಲ. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಆದರೆ ಆಸ್ಟರ್‌ನ ಎತ್ತರ ಬಹಳ ಮಟ್ಟಿಗೆ ತೀರ್ಮಾನವಾಗುವುದು ಬೀಜ ಬಿತ್ತಿದ ತಾರೀಖಿನಿಂದ. ಹಾಗಾಗಿ ಮಣ್ಣು, ಕುಂಡಕ್ಕಿಂತ ಮೊದಲು ಕ್ಯಾಲೆಂಡರ್ ನೋಡೋಣ. ಅದಕ್ಕೂ ಮೊದಲು ಯಾವ ಆಸ್ಟರ್ ಬೇಕು ಅಂತ ಗೊತ್ತಿರಲಿ.

ಯಾವ ಆಸ್ಟರ್?

ನರ್ಸರಿಗಳಲ್ಲಿ ಆಸ್ಟರ್ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳು ಸಿಗುತ್ತವೆ. ಒಂದು ಚೀನಾ ಆಸ್ಟರ್. ಬೀಜದಿಂದ ಬೆಳೆದು, ಒಂದು ಸಲ ಹೂ ಬಿಟ್ಟು ಮುಗಿಯುವ ಗಿಡ ಇದು. ಇದರ ಸಸ್ಯಶಾಸ್ತ್ರೀಯ ಹೆಸರು ಕ್ಯಾಲಿಸ್ಟೆಫಸ್ ಚೈನೆನ್ಸಿಸ್. ಇನ್ನೊಂದು ವರ್ಷ ವರ್ಷವೂ ಚಿಗುರುವ ಆಸ್ಟರ್. ಹಳದಿ ನಡು, ತಿಳಿ ನೇರಳೆ ಎಸಳಿನ ಪುಟ್ಟ ಹೂಗಳು. ಹೂಗುಚ್ಛಗಳಲ್ಲಿ ಗುಲಾಬಿಯ ಸುತ್ತ ತುಂಬಲು ಹಾಕುತ್ತಾರಲ್ಲ, ಅದೇ. ಹೂವಿನಂಗಡಿಯವರು ಇದನ್ನು ಸುಮ್ನೆ ಡೈಸಿ ಅಂತಲೂ ಕರೆಯುತ್ತಾರೆ. ಬುಡದಲ್ಲಿ ಬರುವ ಮರಿಗಳನ್ನು ಬಿಡಿಸಿ ನೆಟ್ಟರೆ ಸಾಕು, ಬೀಜದ ಗೊಡವೆಯೇ ಇಲ್ಲ. ನೆಲದಲ್ಲಿ ಜಾಗ ಇರುವವರು ಇದರ ಒಂದು ಸಾಲು ಹಾಕಿಕೊಳ್ಳಲಿ. ಕುಂಡದಲ್ಲಿ ಬೆಳೆಸುವವರಿಗೆ ಚೀನಾ ಆಸ್ಟರೇ ಸರಿ. ಈ ಲೇಖನ ಅದರದ್ದೇ.

ತಳಿಗಳ ವಿಷಯದಲ್ಲಿ ಪುಣೆಯ ಕನ್ನಡಿಗರಿಗೆ ಎರಡು ಊರುಗಳ ಲಾಭ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯೊಲೆಟ್ ಕುಶನ್ ತಳಿಗಳನ್ನು ಕೊಟ್ಟಿದೆ. ಕಾಮಿನಿ ಗಾಢ ಗುಲಾಬಿ, ಪೂರ್ಣಿಮಾ ಅಚ್ಚ ಬಿಳಿ, ಶಶಾಂಕ್ ಕೆನೆ ಬಿಳಿ. ಇತ್ತ ಪುಣೆಯಲ್ಲೇ, ಗಣೇಶಖಿಂಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಫುಲೆ ಗಣೇಶ್ ವೈಟ್, ಪಿಂಕ್, ವಯೊಲೆಟ್, ಪರ್ಪಲ್ ತಳಿಗಳು ಹುಟ್ಟಿವೆ. ಇವು ಇಲ್ಲಿನ ಹವೆಯಲ್ಲೇ ಆಯ್ದು ಬೆಳೆಸಿದ ತಳಿಗಳು. ಬೀಜ ಸಿಕ್ಕರೆ ಮೊದಲು ಇವನ್ನೇ ತೆಗೆದುಕೊಳ್ಳಿ. ನನಗೆ ಕೇಳಿದರೆ ಒಂದು ನೇರಳೆ, ಒಂದು ಬಿಳಿ ಸಾಕು. ಹೂದಾನಿಯಲ್ಲಿ ಈ ಎರಡು ಬಣ್ಣ ಒಟ್ಟಿಗಿದ್ದರೆ ಮೂರನೆಯದು ಬೇಕು ಅನಿಸುವುದಿಲ್ಲ.

ಪೊಟ್ಟಣದ ಮೇಲೆ ಎತ್ತರ ಬರೆದಿರುತ್ತದೆ, ಅದನ್ನು ಓದಿ. 20–30 ಸೆಂ.ಮೀ. ಎಂದಿದ್ದರೆ ಕಿಟಕಿಯ ಗ್ರಿಲ್‌ನಲ್ಲಿಡುವ ಕುಳ್ಳ ಗಿಡ. 60 ಸೆಂ.ಮೀ. ದಾಟುವ ತಳಿ ಕತ್ತರಿಸುವುದಕ್ಕೆ. ಇನ್ನೊಂದು ಮುಖ್ಯ ವಿಷಯ, ಬೀಜ ಯಾವ ವರ್ಷದ್ದು ಅಂತ ನೋಡಿ. ಆಸ್ಟರ್ ಬೀಜಕ್ಕೆ ಆಯುಷ್ಯ ಕಡಿಮೆ. ವರ್ಷ ದಾಟಿದರೆ ಮೊಳಕೆ ಬಹಳ ಇಳಿದುಹೋಗುತ್ತದೆ. ಅಂಗಡಿಯಲ್ಲಿ ಧೂಳು ಹಿಡಿದ ಹಳೆಯ ಪೊಟ್ಟಣ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಬಿತ್ತುವ ತಾರೀಖು

ಆಸ್ಟರ್ ಗಿಡ ಹಗಲಿನ ಉದ್ದವನ್ನು ಅಳೆಯುತ್ತದೆ. ಎಳೆಯದಿದ್ದಾಗ ಹಗಲು ಉದ್ದವಿದ್ದರೆ ಕಾಂಡ ಮೇಲೆ ಏಳುತ್ತದೆ, ಕವಲು ಒಡೆಯುತ್ತದೆ. ಆಮೇಲೆ ಹಗಲು ಚಿಕ್ಕದಾಗುತ್ತಾ ಬಂದರೆ ಹೂ ಬೇಗ ಅರಳುತ್ತದೆ. ಎಳೆಯ ಗಿಡಕ್ಕೇ ಚಿಕ್ಕ ಹಗಲು ಸಿಕ್ಕಿತು ಅಂದರೆ, ಎಲೆಗಳೆಲ್ಲ ನೆಲಕ್ಕೆ ಅಂಟಿಕೊಂಡು ಕೂತುಬಿಡುತ್ತವೆ. ಕಾಂಡ ಏಳದೆಯೇ ಮೊಗ್ಗು ಬರುತ್ತದೆ. ಪುಣೆಯಲ್ಲಿ ಜೂನ್ ಕೊನೆಯಲ್ಲಿ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಸುಮಾರು 11. ನಮ್ಮ ಕಣ್ಣಿಗೆ ದೊಡ್ಡ ವ್ಯತ್ಯಾಸ ಅಲ್ಲ, ಗಿಡಕ್ಕೆ ಇದೇ ಎಲ್ಲ.

ಬಿತ್ತಿದ ದಿನದಿಂದ ಹೂವಿಗೆ ತಳಿಯ ಪ್ರಕಾರ ಮೂರರಿಂದ ನಾಲ್ಕು ತಿಂಗಳು ಬೇಕು. ಈ ಲೆಕ್ಕದಲ್ಲಿ ಪುಣೆಯವರು ಜೂನ್ ಮೂರನೇ ವಾರದಿಂದ ಜುಲೈ ಮೊದಲ ವಾರದೊಳಗೆ ಮೊದಲ ಕಂತು ಬಿತ್ತಬೇಕು. ದಸರಾ, ದೀಪಾವಳಿಗೆ ಹೂ ಸಿಗುತ್ತದೆ, ಉದ್ದ ಕಾಂಡವೂ ಸಿಗುತ್ತದೆ. ಎರಡನೇ ಕಂತು ಆಗಸ್ಟ್ ಮೊದಲರ್ಧದಲ್ಲಿ, ಡಿಸೆಂಬರ್ ಹೂವಿಗೆ. ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತಿದ್ದು ಸಂಕ್ರಾಂತಿ ಹೊತ್ತಿಗೆ ಅರಳುತ್ತದೆ, ಆದರೆ ಗಿಡ ಕುಳ್ಳಗಿರುತ್ತದೆ. ಅದನ್ನು ಕುಂಡದ ಅಂದಕ್ಕೆ ಅಂತಲೇ ಬೆಳೆಸಿ, ಕತ್ತರಿಸುವ ಆಸೆ ಇಟ್ಟುಕೊಳ್ಳಬೇಡಿ. ಒಂದೇ ಸಲ ಎಲ್ಲ ಬೀಜ ಸುರಿಯುವುದು ಬೇಡ. ಆಸ್ಟರ್ ಮತ್ತೆ ಮತ್ತೆ ಹೂ ಬಿಡುವ ಗಿಡವಲ್ಲ, ಕಂತು ಮಾಡಿದರಷ್ಟೇ ಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ.

ತಡವಾಗಿ ಬಿತ್ತಿಯೂ ಕಾಂಡ ಬೇಕು ಅನ್ನುವವರಿಗೆ ಹೂ ಬೆಳೆಗಾರರ ಉಪಾಯ ಇದೆ. ಕತ್ತಲಾದ ಮೇಲೆ ಗಿಡಗಳ ಮೇಲೆ ಬಲ್ಬ್ ಉರಿಸುತ್ತಾರೆ. ಬಾಲ್ಕನಿಯಲ್ಲಿ ಒಂದು ಎಲ್‌ಇಡಿ ಬಲ್ಬನ್ನು ರಾತ್ರಿ ಹತ್ತರವರೆಗೆ, ಕಾಂಡ ಎದ್ದು ನಿಲ್ಲುವ ತನಕ ಕೆಲವು ವಾರ ಉರಿಸಿದರೆ ಗಿಡಕ್ಕೆ ಹಗಲು ಉದ್ದವಾದಂತೆ. ಕಾಂಡ ಎದ್ದ ಮೇಲೆ ಬಲ್ಬ್ ನಿಲ್ಲಿಸಿ.

ಮುಂಬೈ, ಗೋವಾದವರಿಗೆ ಜೂನ್-ಜುಲೈ ಬಿತ್ತನೆ ಕಷ್ಟ. ಅಲ್ಲಿನ ಮಳೆಗೆ ಸಸಿ ಕೊಳೆಯುತ್ತದೆ. ಆಗಸ್ಟ್ ಕೊನೆಯಲ್ಲಿ ಸೂರಿನ ಕೆಳಗೆ ಸಸಿ ಮಾಡಿಕೊಂಡು, ಮಳೆ ನಿಂತ ಮೇಲೆ ಹೊರಗಿಡುವುದು ಮೇಲು.

ಜಾಗ ಮತ್ತು ಮಣ್ಣು

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಫ್ಲ್ಯಾಟ್‌ನಲ್ಲಿರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಜೂನ್-ಜುಲೈನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲಿರುತ್ತಾನೆ. ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ವಾಲಿರುತ್ತಾನೆ. ಮಳೆಗಾಲದಲ್ಲಿ ಬೆಳಕಿದ್ದ ಉತ್ತರದ ಬಾಲ್ಕನಿ ಹೂ ಬಿಡುವ ಹೊತ್ತಿಗೆ ನೆರಳಾಗಿರುತ್ತದೆ. ದಕ್ಷಿಣ ಅಥವಾ ಪೂರ್ವದ ಕಡೆ ಇಡಿ.

ಪುಣೆಯ ಸುತ್ತಲ ಕಪ್ಪು ಮಣ್ಣು ನಮ್ಮ ಧಾರವಾಡ, ಗದಗದ ಎರೆಮಣ್ಣಿನ ಜಾತಿಯದ್ದೇ. ನೀರು ಹಿಡಿದುಕೊಂಡರೆ ಬಿಡುವುದಿಲ್ಲ. ಆಸ್ಟರ್ ಬೇರಿಗೆ ಅದು ಆಗದು. ನರ್ಸರಿಯಲ್ಲಿ ‘ಲಾಲ್ ಮಾತಿ’ ಅಂತ ಕೇಳಿದರೆ ಕೆಂಪು ಮಣ್ಣಿನ ಚೀಲ ಕೊಡುತ್ತಾರೆ. ಅದರ ಎರಡು ಪಾಲಿಗೆ ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ. ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಹಾಕಿ. ಹಸಿ ಸಗಣಿ ಖಂಡಿತ ಬೇಡ. 8 ಇಂಚಿನ ಕುಂಡಕ್ಕೆ ಒಂದು ಗಿಡ, 12 ಇಂಚಿನದಕ್ಕೆ ಮೂರು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದಡಿ.

ಬೀಜದಿಂದ ಸಸಿವರೆಗೆ

ಒಂದು ಗ್ರಾಂನಲ್ಲಿ 400ರ ಆಸುಪಾಸು ಬೀಜ ಇರುತ್ತದೆ, ಮನೆಗೆ ಅಷ್ಟು ಬೇಕಾಗಿಲ್ಲ. ಸಸಿ ಟ್ರೇಯಲ್ಲಿ ಒದ್ದೆ ಕೊಕೊಪೀಟ್ ತುಂಬಿ, ಗುಂಡಿಗೆ ಎರಡು ಬೀಜ ಇಟ್ಟು, ಕಾಣದಷ್ಟು ತೆಳ್ಳಗೆ ಮುಚ್ಚಿ. ನೀರನ್ನು ಸ್ಪ್ರೇ ಬಾಟಲಿಯಿಂದಲೇ ಕೊಡಿ. ವಾರ-ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ಮಳೆಗಾಲದ ಒದ್ದೆ ಗಾಳಿಯಲ್ಲಿ ಸಸಿಯ ಬುಡ ಕರಗಿ ಬೀಳುವುದು ಸಾಮಾನ್ಯ. ಅದಕ್ಕೆ ಟ್ರೇಯನ್ನು ಮಳೆ ಬೀಳದ, ಗಾಳಿಯಾಡುವ ಕಡೆ ಇಟ್ಟು, ಮೇಲೆ ಒಣಗಿದಂತೆ ಕಂಡ ಮೇಲಷ್ಟೇ ನೀರು ಕೊಡಿ. ಕೊಕೊಪೀಟ್‌ಗೆ ಸ್ವಲ್ಪ ಟ್ರೈಕೊಡರ್ಮಾ ಪುಡಿ (ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸುವುದು ಒಳ್ಳೆಯದು.

ಒಂದು ತಿಂಗಳಿಂದ ಒಂದೂವರೆ ತಿಂಗಳಲ್ಲಿ, ನಾಲ್ಕೈದು ಎಲೆ ಬಂದಾಗ ಕುಂಡಕ್ಕೆ ಬದಲಿಸಿ. ಸಂಜೆ ಹೊತ್ತು ಮಾಡಿ. ಟ್ರೇಯಲ್ಲಿದ್ದಷ್ಟೇ ಆಳಕ್ಕೆ ನೆಡಿ, ಬುಡಕ್ಕೆ ಮಣ್ಣು ಏರಿಸಬೇಡಿ.

ಕುಡಿ ಚಿವುಟಬೇಕೇ?

ಕುಂಡ ತುಂಬ ಹೂ ಬೇಕು, ಮಾಲೆಗೆ ಬಿಡಿ ಹೂ ಬೇಕು ಅನ್ನುವವರು ನೆಟ್ಟ ಒಂದು ತಿಂಗಳಿಗೆ ತುದಿಯ ಕುಡಿ ಚಿವುಟಲಿ. ಪಕ್ಕದ ಕವಲು ಜಾಸ್ತಿ ಬರುತ್ತದೆ, ಹೂ ಸ್ವಲ್ಪ ತಡವಾಗುತ್ತದೆ. ಹೂದಾನಿಗೆ ಉದ್ದ ಕಾಂಡ ಬೇಕಾದವರು ಕುಡಿಯನ್ನು ಮುಟ್ಟಬೇಡಿ. ಬುಡದಲ್ಲಿ ಬರುವ ಬಡಕಲು ಕವಲುಗಳನ್ನಷ್ಟೇ ತೆಗೆದು, ಆರೇಳು ಗಟ್ಟಿ ಕವಲು ಉಳಿಸಿಕೊಳ್ಳಿ.

ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ 2 ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ರಾಸಾಯನಿಕ ಗೊಬ್ಬರ) ಕರಗಿಸಿ ಕೊಟ್ಟರೆ ಸಾಕು. ಬರೀ ಸಾವಯವ ಅನ್ನುವವರು ತಿಂಗಳಿಗೊಂದು ಹಿಡಿ ಎರೆಗೊಬ್ಬರ ಹಾಕಲಿ. ನೀರು ಯಾವಾಗಲೂ ಬುಡಕ್ಕೆ. ಅರಳಿದ ಹೂವಿನ ಮೇಲೆ ನೀರು ಬಿದ್ದರೆ ಎಸಳಿನಲ್ಲಿ ಕಂದು ಕಲೆ ಏಳುತ್ತದೆ. ಎತ್ತರದ ತಳಿಗೆ ಬಿದಿರ ಕಡ್ಡಿ ಆಸರೆ ಕೊಡಿ, ಹೂವಿನ ಭಾರಕ್ಕೆ ಕಾಂಡ ವಾಲುತ್ತದೆ.

ಸೊರಗು ರೋಗ: ಇದೊಂದನ್ನು ಗಂಭೀರವಾಗಿ ತೆಗೆದುಕೊಳ್ಳಿ

ಗಿಡಹೇನು, ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಮೊಗ್ಗು ಕೊರೆಯುವ ಹುಳು ಎಲ್ಲವೂ ಬರುತ್ತವೆ. ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿ, ಹುಳುವನ್ನು ಕೈಯಿಂದ ಆರಿಸಿ ತೆಗೆದರೆ ಮನೆಯ ಹತ್ತು ಕುಂಡಗಳಿಗೆ ಸಾಕು. ಆಸ್ಟರ್ ಬೆಳೆಯುವವರ ನಿಜವಾದ ಶತ್ರು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗ.

ನಿನ್ನೆವರೆಗೆ ನೆಟ್ಟಗಿದ್ದ ಗಿಡದ ಒಂದು ಪಕ್ಕದ ಎಲೆಗಳು ಮಾತ್ರ ಹಳದಿಯಾಗಿ ಜೋತು ಬೀಳುತ್ತವೆ. ಇನ್ನೊಂದು ಪಕ್ಕ ಹಸಿರಾಗೇ ಇರುತ್ತದೆ. ನೀರು ಸಾಲದು ಅಂತ ನೀರು ಹಾಕುತ್ತೀರಿ, ಏಳುವುದಿಲ್ಲ. ಬುಡದ ಹತ್ತಿರ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ತಿಳಿ ಹಸಿರು ಇರಬೇಕಾದ ಕಡೆ ಕಂದು ಗೆರೆಗಳು ಕಂಡರೆ ಅದೇ ರೋಗ. ಬೇರಿನಿಂದ ಹೊಕ್ಕ ಶಿಲೀಂಧ್ರ ನೀರು ಸಾಗುವ ನಾಳಗಳನ್ನೇ ಕಟ್ಟಿಬಿಟ್ಟಿರುತ್ತದೆ. ಈ ಹಂತದಲ್ಲಿ ಔಷಧಿ ಹುಡುಕಿ ಪ್ರಯೋಜನ ಇಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಕಸಕ್ಕೆ ಹಾಕಿ. ಮನೆಯ ಗೊಬ್ಬರದ ಡಬ್ಬಿಗೆ ಬೇಡವೇ ಬೇಡ.

ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಆದ್ದರಿಂದ ರೋಗ ಬರಲಿ ಬಿಡಲಿ, ಒಂದು ಸಲ ಆಸ್ಟರ್ ಬೆಳೆದ ಮಣ್ಣಿಗೆ ಮುಂದಿನ ಮೂರ್ನಾಲ್ಕು ವರ್ಷ ಆಸ್ಟರ್ ಹಾಕಬೇಡಿ. ಕುಂಡದಲ್ಲಿ ಇದು ಸುಲಭ. ಹೂ ಮುಗಿದ ಮೇಲೆ ಆ ಮಣ್ಣಿಗೆ ಮೆಂತ್ಯವನ್ನೋ ಟೊಮೆಟೊವನ್ನೋ ಹಾಕಿ, ಆಸ್ಟರ್‌ಗೆ ಹೊಸ ಮಣ್ಣು ತೆಗೆದುಕೊಳ್ಳಿ. ರೋಗ ಬಂದಿದ್ದ ಕುಂಡವನ್ನು ಬ್ಲೀಚ್ ನೀರಿನಿಂದ ಉಜ್ಜಿ ಬಿಸಿಲಿಗೆ ಒಣಗಿಸಿ.

ಗಿಡ ಹಳದಿ-ಹಸಿರಾಗಿ, ಕುರುಚಲಾಗಿ, ಹೂಗಳೇ ಹಸಿರಾಗಿ ಸೊಟ್ಟಗೆ ಬಂದರೆ ಅದು ಬೇರೆ ರೋಗ. ಜಿಗಿಹುಳು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಅಂಥ ಗಿಡವನ್ನೂ ಕೂಡಲೇ ಕೀಳಿ.

ಕತ್ತರಿಸುವ ಹದ

ಗುಲಾಬಿಯನ್ನು ಮೊಗ್ಗಿನಲ್ಲಿ ಕತ್ತರಿಸಿದರೆ ನೀರಿನಲ್ಲಿ ಅರಳುತ್ತದೆ. ಬಿಗಿ ಮೊಗ್ಗಿನಲ್ಲಿ ಕತ್ತರಿಸಿದ ಆಸ್ಟರ್ ಹಾಗೇ ಉಳಿದುಬಿಡುತ್ತದೆ. ನಾವು ಒಂದು ಹೂ ಅನ್ನುವುದು ನಿಜಕ್ಕೆ ನೂರಾರು ಪುಟ್ಟ ಹೂಗಳ ಗುಂಪು ಅಲ್ವಾ, ಅವು ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವೆ. ಹೊರಗಿನ ಎರಡು-ಮೂರು ಸುತ್ತು ಎಸಳು ಪೂರ್ತಿ ಬಿಚ್ಚಿಕೊಂಡು ಚಪ್ಪಟೆಯಾಗಿ, ನಡುವಿನದು ಇನ್ನೂ ಬಿಗಿಯಾಗಿ ತುಸು ಹಸಿರಾಗಿ ಇರುವಾಗ ಕತ್ತರಿಸಿ. ಅದೇ ಸರಿಯಾದ ಹದ. ನಡು ಪೂರ್ತಿ ಬಿಚ್ಚಿ ಹಳದಿ ಪುಡಿ ಬೆರಳಿಗೆ ಅಂಟುತ್ತಿದ್ದರೆ ಹೂದಾನಿಗೆ ತಡವಾಯಿತು, ಅದನ್ನು ಮಾಲೆಗೆ ಕೀಳಿ.

ಬೆಳಿಗ್ಗೆ ಬಿಸಿಲೇರುವ ಮೊದಲು, ಚೂಪಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಹಿಂದಿನ ಸಂಜೆ ಗಿಡಕ್ಕೆ ನೀರು ಹಾಕಿರಬೇಕು. ಕತ್ತರಿಸಿದ ಕೂಡಲೇ ಕೆಳಗಿನ ಮುಕ್ಕಾಲು ಭಾಗದ ಎಲೆ ತೆಗೆಯಿರಿ. ಆಸ್ಟರ್‌ನಲ್ಲಿ ಹೂವಿಗಿಂತ ಮೊದಲು ಎಲೆ ಸಾಯುತ್ತದೆ. ಆ ಒರಟು ಎಲೆ ನೀರಿನಲ್ಲಿ ಮುಳುಗಿದ್ದರೆ ಕೊಳೆತು ವಾಸನೆ ಬರುತ್ತದೆ. ಮತ್ತೆ ಒಂದೆರಡು ಗಂಟೆ ಕಾಂಡಗಳನ್ನು ಆಳದ ಬಕೆಟ್ ನೀರಿನಲ್ಲಿ, ನೆರಳಿನಲ್ಲಿ ಇಡಿ. ಆಮೇಲೆ ಹೂದಾನಿಗೆ.

ದಿನಾ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಕಾಂಡದ ತುದಿ ಅರ್ಧ ಇಂಚು ಕತ್ತರಿಸಿದರೆ ಹೂ ಒಂದು ವಾರ ತಾಜಾ ಇರುತ್ತದೆ. ಸಕ್ಕರೆ ಹಾಕುವ ರೂಢಿ ಇದೆ. ನೀರು ಬದಲಿಸುವುದು ಮರೆತುಹೋಗುವ ಮನೆಯಲ್ಲಿ ಸಕ್ಕರೆ ಬೇಡ, ನೀರು ಇನ್ನೂ ಬೇಗ ಕೆಡುತ್ತದೆ. ಬದಲಿಗೆ ಎರಡು ಹನಿ ಬ್ಲೀಚ್ ಹಾಕಿ.

ಮುಂದಿನ ವರ್ಷಕ್ಕೆ ಬೀಜ

ಪ್ರತಿ ಬಣ್ಣದಲ್ಲಿ ಒಂದು ಗಟ್ಟಿಮುಟ್ಟಾದ ಗಿಡದ ಎರಡು-ಮೂರು ಹೂ ಕತ್ತರಿಸದೆ ಬಿಡಿ. ಆಸ್ಟರ್ ಬಹುಪಾಲು ತನ್ನ ಪರಾಗದಿಂದಲೇ ಬೀಜ ಕಟ್ಟುವುದರಿಂದ ಬಣ್ಣ ಹೆಚ್ಚಾಗಿ ಹಾಗೇ ಬರುತ್ತದೆ. ಹೂ ಕಂದಾಗಿ ಒಣಗಿ, ನಡುವೆ ಬಿಳಿ ನವಿರು ಕಾಣಿಸಿದಾಗ ಕಿತ್ತು ಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ. ಸೊರಗು ರೋಗ ಬಂದ ಗಿಡದ ಬೀಜ ಮಾತ್ರ ಬೇಡ, ರೋಗ ಬೀಜದ ಜೊತೆಗೂ ಸಾಗಬಲ್ಲದು. ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ತಾರೀಖು ಬರೆದು ಫ್ರಿಜ್‌ನಲ್ಲಿಡಿ. ಜೂನ್ ಮೂರನೇ ವಾರ ಹೊರತೆಗೆದು, ಎಲ್ಲವನ್ನೂ ಆ ವರ್ಷದ ಕಂತುಗಳಲ್ಲೇ ಬಿತ್ತಿ ಮುಗಿಸಿ.

ಹೊಸ ಬೀಜ, ಸಸಿ ಹುಡುಕುವವರು ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ಪುಷ್ಪ ಪ್ರದರ್ಶನಕ್ಕೆ ಹೋಗಿ ಬನ್ನಿ. ನರ್ಸರಿಯವರು ಅಲ್ಲಿ ಮಳಿಗೆ ಹಾಕಿರುತ್ತಾರೆ. ಯಾವ ತಳಿ ಎಷ್ಟು ಎತ್ತರ, ಬೀಜ ಯಾವಾಗ ಸಿಗುತ್ತದೆ ಅಂತ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಬೀಜವನ್ನು ಮಾತ್ರ ಮೇ ಕೊನೆಯಲ್ಲಿ, ಹೊಸದಾಗಿ ಬಂದದ್ದನ್ನೇ ಕೊಳ್ಳಿ.