ರಿವೈಸ್ಡ್ ರಿಟರ್ನ್ ಹಾಕಿದರೆ ರಿಫಂಡ್ ಏನಾಗುತ್ತದೆ: ನನ್ನ ಅನುಭವ

ಆದಾಯ ತೆರಿಗೆ ರಿಟರ್ನ್ ಹಾಕಿಯಾಯಿತು, ಹೆಚ್ಚು ಕಟ್ಟಿದ ತೆರಿಗೆ ರಿಫಂಡ್ ಆಗಿ ಬರಬೇಕು, ಅಷ್ಟರಲ್ಲಿ ಎಫ್‌ಡಿ ಬಡ್ಡಿ ತೋರಿಸಿಲ್ಲ ಎಂದು ಎಐಎಸ್ (ತೆರಿಗೆ ಇಲಾಖೆಯ ಬಳಿ ಇರುವ ನಮ್ಮ ಆದಾಯದ ವಾರ್ಷಿಕ ವಿವರಪಟ್ಟಿ) ನೋಡಿದಾಗ ಗೊತ್ತಾಗುತ್ತದೆ. ಇಂಥ ಫೈಲು ಕೈಗೆ ಬಂದರೆ ರಿಟರ್ನ್ ಯಾವ ಹಂತದಲ್ಲಿದೆ ಎಂದು ಮೊದಲು ಪೋರ್ಟಲ್‌ನಲ್ಲಿ ನೋಡುತ್ತೇನೆ. ಇನ್ನೂ ಇ-ವೆರಿಫೈ (ಆನ್‌ಲೈನ್ ದೃಢೀಕರಣ) ಆಗಿಲ್ಲದಿದ್ದರೆ 'ಡಿಸ್ಕಾರ್ಡ್' ಮಾಡಿ ಹೊಸದಾಗಿ ಹಾಕಿದರೆ ಸಾಕು. ಆದರೆ ಕೊನೆಯ ದಿನಾಂಕ ದಾಟಿದ್ದರೆ ಡಿಸ್ಕಾರ್ಡ್ ಬೇಡ. ಹೊಸದು ತಡವಾದ ರಿಟರ್ನ್ ಆಗಿಬಿಡುತ್ತದೆ.

ವೆರಿಫೈ ಆಗಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 139(5)ರ ಅಡಿ ರಿವೈಸ್ ಮಾಡಬೇಕು, ಅಂದರೆ ತಿದ್ದಿದ ರಿಟರ್ನ್ ಹಾಕಬೇಕು. 2025-26ರ ಅಸೆಸ್‌ಮೆಂಟ್ ವರ್ಷಕ್ಕೆ ಇದರ ಗಡುವು 2025ರ ಡಿಸೆಂಬರ್ 31 ಇತ್ತು. ಮೊದಲ ರಿಟರ್ನಿನ 15 ಅಂಕಿಯ ಅಕ್ನಾಲೆಡ್ಜ್‌ಮೆಂಟ್ ನಂಬರ್, ಹಾಕಿದ ದಿನಾಂಕ ಎರಡೂ ಬೇಕು. ಬಿಟ್ಟುಹೋದ ಸಾಲೊಂದನ್ನೇ ತುಂಬಿದರೆ ಆಗದು. ಹಳೆಯದರ ಜಾಗದಲ್ಲಿ ಹೊಸದು ಕೂರುವುದರಿಂದ ಸಂಬಳ, ಆದಾಯದಿಂದ ಕಳೆಯುವ ಕಡಿತ, ಟಿಡಿಎಸ್ (ಮೂಲದಲ್ಲೇ ಹಿಡಿದುಕೊಂಡ ತೆರಿಗೆ) ಎಲ್ಲವೂ ಅದರಲ್ಲಿರಬೇಕು. 30 ದಿನದೊಳಗೆ ಇದನ್ನೂ ಇ-ವೆರಿಫೈ ಮಾಡದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ.

ಈಗ ಹಣದ ಲೆಕ್ಕ. ಮೊದಲ ರಿಟರ್ನಿನಲ್ಲಿ ರಿಫಂಡ್ ₹14,000, ಬಿಟ್ಟ ಬಡ್ಡಿ ₹20,000 ಎನ್ನೋಣ. ಶೇ 20ರ ಸ್ಲ್ಯಾಬ್‌ನಲ್ಲಿ ಸೆಸ್ ಸೇರಿ ತೆರಿಗೆ ₹4,160 ಏರುತ್ತದೆ. ಹಳೆಯ ರಿಟರ್ನ್ ಪ್ರೊಸೆಸ್ ಆಗಿಲ್ಲದಿದ್ದರೆ ಬೆಂಗಳೂರಿನ ಸಿಪಿಸಿ (ರಿಟರ್ನ್‌ಗಳನ್ನು ಪ್ರೊಸೆಸ್ ಮಾಡುವ ಇಲಾಖೆಯ ಕೇಂದ್ರ) ಹೊಸದನ್ನೇ ತೆಗೆದುಕೊಂಡು ₹9,840 ಕೊಡುತ್ತದೆ. ಕಾಯುವ ಅವಧಿ ಮಾತ್ರ ಮತ್ತೆ ಮೊದಲಿನಿಂದ.

₹14,000 ಆಗಲೇ ಖಾತೆಗೆ ಬಿದ್ದಿದ್ದರೆ ಎಚ್ಚರ ಬೇಕು. ರಿವೈಸ್ಡ್ ರಿಟರ್ನಿನಲ್ಲಿ ₹9,840 ರಿಫಂಡ್ ಕಂಡರೆ ಇನ್ನೂ ಅಷ್ಟು ಬರುತ್ತದೆಂದು ಹಲವರು ಖುಷಿಪಡುತ್ತಾರೆ. ವಾಸ್ತವದಲ್ಲಿ ಹೆಚ್ಚು ಬಂದ ₹4,160 ವಾಪಸ್ ಹೋಗಬೇಕು, ಇಲ್ಲದಿದ್ದರೆ 143(1) ಇಂಟಿಮೇಷನ್‌ನಲ್ಲಿ (ರಿಟರ್ನ್ ಪ್ರೊಸೆಸ್ ಮಾಡಿ ಇಲಾಖೆ ಕಳಿಸುವ ಸೂಚನೆ) ಡಿಮ್ಯಾಂಡ್, ಅಂದರೆ ಕಟ್ಟಬೇಕಾದ ಬಾಕಿ ಆಗಿ ಬರುತ್ತದೆ. ನಾನು ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ (300) ಆಯ್ದು ಆ ಮೊತ್ತ ಕಟ್ಟಿಸಿ, ಚಲನ್‌ನ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ಸಂಖ್ಯೆ), ಕ್ರಮಸಂಖ್ಯೆ, ದಿನಾಂಕ ತುಂಬಿದ ಮೇಲೇ ರಿವೈಸ್ ಮಾಡುತ್ತೇನೆ. ಆಗ ರಿಫಂಡ್ ₹14,000ದಲ್ಲೇ ನಿಲ್ಲುತ್ತದೆ, ಕೊಟ್ಟದ್ದಕ್ಕೂ ಬರಬೇಕಾದ್ದಕ್ಕೂ ತಾಳೆಯಾಗುತ್ತದೆ. ಬಿಟ್ಟದ್ದು ಕಡಿತವಾಗಿದ್ದು ರಿಫಂಡ್ ಹೆಚ್ಚಾಗುವಂತಿದ್ದರೆ, ವ್ಯತ್ಯಾಸದ ಹಣ ಮಾತ್ರ ಬರುತ್ತದೆ.

ರಿಫಂಡ್ ಹೆಚ್ಚಿಸಿಕೊಳ್ಳಬೇಕಾದವರು ಗಡುವು ತಪ್ಪಿಸಲೇಬಾರದು. ಆಮೇಲೆ ಉಳಿಯುವ ಐಟಿಆರ್-ಯು (ಅಪ್‌ಡೇಟೆಡ್ ರಿಟರ್ನ್) ತೆರಿಗೆ ಹೆಚ್ಚು ಕಟ್ಟಲಿಕ್ಕೆ ಮಾತ್ರ. ಅದರಲ್ಲಿ ರಿಫಂಡ್ ಕೇಳುವಂತೆಯೂ ಇಲ್ಲ, ಹೆಚ್ಚಿಸುವಂತೆಯೂ ಇಲ್ಲ.

ರಿವೈಸ್ ಬೇಡದ ಕಡೆ ರಿವೈಸ್ ಮಾಡಿ ತಡ ಮಾಡಿಕೊಳ್ಳುವವರೂ ಇದ್ದಾರೆ. ಬ್ಯಾಂಕ್ ಖಾತೆ ಮುಚ್ಚಿ ರಿಫಂಡ್ ಫೇಲ್ ಆಗಿದ್ದರೆ ಹೊಸ ಖಾತೆಯನ್ನು ವ್ಯಾಲಿಡೇಟ್ ಮಾಡಿ 'ರಿಫಂಡ್ ರೀಇಶ್ಯೂ' ಕೋರಿಕೆ ಹಾಕಿದರಾಯಿತು. ಟಿಡಿಎಸ್ 26ಎಎಸ್‌ನಲ್ಲಿ (ನಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಕಾಣದಿದ್ದರೆ, ಕಡಿತ ಮಾಡಿದವರು ತಮ್ಮ ಟಿಡಿಎಸ್ ರಿಟರ್ನ್ ಸರಿಪಡಿಸುವವರೆಗೆ ಎಷ್ಟು ಸಲ ರಿವೈಸ್ ಮಾಡಿದರೂ ಆ ಹಣ ಸಿಗದು. ರಿಫಂಡ್ ಜೊತೆ ತಿಂಗಳಿಗೆ ಶೇ 0.5ರಂತೆ ಬಡ್ಡಿ ಬಂದಿದ್ದರೆ, ಅದನ್ನು ಬಂದ ವರ್ಷದ ಇತರ ಆದಾಯದಲ್ಲಿ ತೋರಿಸಬೇಕು.